ಕುದುರೆ ಲಾಯದಲ್ಲಿ ಸ್ಪಾ: ಚಾರ್ಲ್‌ಸ್ಟನ್‌ನ ಹತ್ತಿ ಸಾಹುಕಾರನ ಬಂಗಲೆಗೆ ಮರುಜೀವ ಸಿಕ್ಕಿದ್ದು ಹೇಗೆ?

ಧಾರವಾಡ: ಮಗನೋ ಮಗಳೋ ಅಮೆರಿಕದ ಅಟ್ಲಾಂಟಾದಲ್ಲಿ ಇಲ್ಲವೇ ಶಾರ್ಲೆಟ್‌ನಲ್ಲಿ ಕೆಲಸದಲ್ಲಿದ್ದು, ಕೆಲವು ತಿಂಗಳು ಅಲ್ಲಿಗೆ ಹೋಗಿ ಇದ್ದು ಬರುವ ಅಪ್ಪ-ಅಮ್ಮಂದಿರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಶನಿವಾರ-ಭಾನುವಾರ ಮಕ್ಕಳು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಊರುಗಳಲ್ಲಿ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಕೂಡ ಒಂದು. ಸಮುದ್ರ ದಂಡೆಯ ಹಳೇ ಊರು. ಓಣಿ ತುಂಬಾ ನೂರು, ನೂರೈವತ್ತು, ಇನ್ನೂರು ವರ್ಷದ ಮನೆಗಳು. ಆ ಮನೆಗಳಲ್ಲಿ ಒಂದು ವೆಂಟ್‌ವರ್ತ್ ಮ್ಯಾನ್ಷನ್. ಹತ್ತಿ ವ್ಯಾಪಾರಿಯೊಬ್ಬ ಕಟ್ಟಿಸಿದ ಈ ಬಂಗಲೆ ಇಂದು ಹೋಟೆಲ್. ಅದರ ಹಿಂದಿನ ಕುದುರೆ ಲಾಯ ಇಂದು ಸ್ಪಾ.

ಕುದುರೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ಮಸಾಜ್! ಕೇಳೋಕೆ ತಮಾಷೆ ಅನ್ನಿಸಬಹುದು. ಆದರೆ ಹಳೇ ಕಟ್ಟಡವನ್ನು ಕೆಡವದೆ, ಪಾಳು ಬೀಳಲೂ ಬಿಡದೆ ಉಳಿಸೋದು ಹೇಗೆ ಅನ್ನೋ ಪ್ರಶ್ನೆಗೆ ಇದರಲ್ಲಿ ಒಂದು ಉತ್ತರ ಇದೆ. ಜೊತೆಗೆ, ಹೀಗೆ ಉಳಿಸಿದಾಗ ಏನು ಮರೆತು ಹೋಗುತ್ತೆ ಅನ್ನೋ ಇನ್ನೊಂದು ಪ್ರಶ್ನೆಯೂ ಇದೆ. ಎರಡರ ಬಗ್ಗೆಯೂ ಮಾಹಿತಿ ಇಲ್ಲಿದೆ.

ಒಂದು ನೋಟದಲ್ಲಿ

- ಎಲ್ಲಿ: 149, ವೆಂಟ್‌ವರ್ತ್ ಸ್ಟ್ರೀಟ್, ಚಾರ್ಲ್‌ಸ್ಟನ್, ಸೌತ್ ಕೆರೊಲಿನಾ, ಅಮೆರಿಕ
- ಕಟ್ಟಿಸಿದವರು: ಹತ್ತಿ ವ್ಯಾಪಾರಿ ಫ್ರಾನ್ಸಿಸ್ ಸೈಲಸ್ ರಾಜರ್ಸ್
- ಕಾಲ: 1886ರ ಆಸುಪಾಸು
- ಶೈಲಿ: ಸೆಕೆಂಡ್ ಎಂಪೈರ್
- ವಿಸ್ತೀರ್ಣ: ಸುಮಾರು 24 ಸಾವಿರ ಚದರ ಅಡಿ
- ಹೋಟೆಲ್ ಆಗಿದ್ದು: 1998
- ಕೋಣೆಗಳು: 21
- ಸ್ಪಾ ಇರುವುದು: ಹಳೇ ಕುದುರೆ ಲಾಯದಲ್ಲಿ
- ರೆಸ್ಟೋರೆಂಟ್ ಇರುವುದು: ಹಳೇ ಸಾರೋಟು ಮನೆಯಲ್ಲಿ

ಮನೆ ಹೇಗಿದೆ?

ನಮ್ಮ ಕಡೆಯ ವಾಡೆಗೂ ಈ ಬಂಗಲೆಗೂ ಲೆಕ್ಕಾಚಾರ ಒಂದೇ. ಮುಂದೆ ದೊಡ್ಡ ಮನೆ, ಹಿಂದೆ ಹೊರಮನೆಗಳು. ದೊಡ್ಡ ಮನೆ ಸಾಹುಕಾರನ ಅಂತಸ್ತು ತೋರಿಸಲು. ಹೊರಮನೆಗಳು ಅಡುಗೆ, ಕುದುರೆ, ಗಾಡಿ, ಆಳುಕಾಳು ಇವುಗಳಿಗೆ.

ಸೆಕೆಂಡ್ ಎಂಪೈರ್ ಅಂದ್ರೆ ಮೂರನೇ ನೆಪೋಲಿಯನ್ ಕಾಲದ ಪ್ಯಾರಿಸ್‌ನಿಂದ ಬಂದ ಶೈಲಿ. ಅದನ್ನು ಗುರುತಿಸೋದು ಸುಲಭ, ತಲೆ ಎತ್ತಿ ಚಾವಣಿ ನೋಡಿದರೆ ಸಾಕು. ಮಾಮೂಲಿ ಇಳಿಜಾರು ಚಾವಣಿ ಅಲ್ಲ. ಕೆಳಭಾಗ ಗೋಡೆಯ ಹಾಗೆ ನೆಟ್ಟಗೆ ಇಳಿದು, ಮೇಲ್ಭಾಗ ಹೆಚ್ಚುಕಡಿಮೆ ಸಪಾಟಾಗಿರುತ್ತೆ. ಇದಕ್ಕೆ ಮ್ಯಾನ್ಸಾರ್ಡ್ ಚಾವಣಿ ಅಂತಾರೆ. ಹೀಗೆ ಕಟ್ಟಿದರೆ ಅಟ್ಟವೇ ಪೂರಾ ಒಂದು ಮಹಡಿ ಆಗಿ ಬಿಡುತ್ತೆ. ಅಮೆರಿಕದಲ್ಲಿ 1860ರಿಂದ 1880ರ ದಶಕದವರೆಗೆ ದುಡ್ಡಿದ್ದವರ ಮನೆಗೆ, ಸರ್ಕಾರಿ ಕಚೇರಿಗೆ ಇದೇ ಫ್ಯಾಷನ್ ಆಗಿತ್ತು.

ವೆಂಟ್‌ವರ್ತ್ ಮ್ಯಾನ್ಷನ್‌ನ ನೆತ್ತಿಯ ಮೇಲೆ ಗಾಜಿನ ಕಿಟಕಿಗಳಿರುವ ಪುಟ್ಟ ಗೋಪುರ ಇದೆ. ಅಲ್ಲಿ ನಿಂತರೆ ಊರು ಕಾಣುತ್ತೆ. ಒಳಗೆ ಅಮೃತಶಿಲೆಯ ಅಗ್ಗಿಷ್ಟಿಕೆಗಳು, ಕೆತ್ತನೆಯ ಮರಗೆಲಸ, ಬೇರೆ ಬೇರೆ ಬಣ್ಣದ ಮರದ ಪಟ್ಟಿ ಜೋಡಿಸಿ ಮಾಡಿದ ನೆಲ, ಬಣ್ಣದ ಗಾಜಿನ ಕಿಟಕಿಗಳು. ಇವತ್ತು ಹೊಸದಾಗಿ ಮಾಡಿಸಬೇಕು ಅಂದ್ರೆ ದುಡ್ಡಿದ್ದರೂ ಅಂಥ ಕುಶಲಕರ್ಮಿಗಳು ಸಿಗೋದು ಕಷ್ಟ.

ಧಾರವಾಡದ ಹತ್ತಿಗೂ ಚಾರ್ಲ್‌ಸ್ಟನ್‌ಗೂ ಏನು ನಂಟು?

ಇಲ್ಲಿ ಒಂದು ವಿಷಯ ನಮ್ಮ ಜಿಲ್ಲೆಯ ಓದುಗರು ತಿಳಿದುಕೊಳ್ಳಬೇಕು. ಚಾರ್ಲ್‌ಸ್ಟನ್ ಹತ್ತಿಯ ಊರು. ಅಮೆರಿಕದ ದಕ್ಷಿಣ ರಾಜ್ಯಗಳ ಹೊಲಗಳಲ್ಲಿ ಗುಲಾಮರು ಬೆಳೆದ ಹತ್ತಿ ಇಂಥ ಬಂದರುಗಳಿಂದ ಹಡಗೇರಿ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಹೋಗುತ್ತಿತ್ತು. 1860ರ ಹೊತ್ತಿಗೆ ಬ್ರಿಟನ್‌ಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದೇ.

1861ರ ಏಪ್ರಿಲ್ 12ರಂದು ಚಾರ್ಲ್‌ಸ್ಟನ್ ಬಂದರಿನ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಅಮೆರಿಕದ ಅಂತರ್ಯುದ್ಧ ಶುರುವಾಗಿದ್ದೇ ಅಲ್ಲಿಂದ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಾಷೈರ್‌ನ ಗಿರಣಿಗಳು ಹತ್ತಿ ಇಲ್ಲದೆ ನಿಂತವು. ಆಗ ಬ್ರಿಟಿಷರ ಕಣ್ಣು ಬಿದ್ದಿದ್ದು ಬೊಂಬಾಯಿ ಪ್ರಾಂತ್ಯದ ಮೇಲೆ, ಅದರಲ್ಲೂ ಧಾರವಾಡದ ಕರಿನೆಲದ ಮೇಲೆ.

ಯಾಕಂದ್ರೆ ಇಲ್ಲಿ ಆಗಲೇ ಅಮೆರಿಕದ ಬೀಜ ಬೇರೂರಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿ ಪ್ರಯೋಗ ಮಾಡಿಸಿತ್ತು. ನ್ಯೂ ಆರ್ಲಿಯನ್ಸ್ ತಳಿ ದೇಶದ ಅನೇಕ ಕಡೆ ಸೋತರೂ ಧಾರವಾಡದಲ್ಲಿ ಹಿಡಿಯಿತು. ಅದಕ್ಕೇ 'ಧಾರವಾಡ-ಅಮೆರಿಕನ್' ಹತ್ತಿ ಅಂತ ಹೆಸರು ಬಂತು. ಯುದ್ಧದ ವರ್ಷಗಳಲ್ಲಿ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ. ಈ ಹತ್ತಿ ಸಾಗಿಸೋಕೆ ಕಾರವಾರ ಬಂದರನ್ನು ಬೆಳೆಸಬೇಕು ಅನ್ನೋ ಒತ್ತಡ ಬಂದಿದ್ದೂ ಆಗಲೇ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಧಡಕ್ಕನೆ ಇಳಿದು ಬೊಂಬಾಯಿಯಲ್ಲಿ ಸಾಲುಸಾಲು ದಿವಾಳಿಗಳಾದವು.

ಅತ್ತ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾಯಿತು. ಆದರೆ ಹತ್ತಿ ವ್ಯಾಪಾರ ಮತ್ತೆ ಎದ್ದಿತು. ಆ ಮರುಚೇತರಿಕೆಯ ದುಡ್ಡಿನಲ್ಲಿ ಎದ್ದ ಮನೆಯೇ ರಾಜರ್ಸ್ ಬಂಗಲೆ.

ಕಟ್ಟುವಾಗಲೇ ಭೂಕಂಪ

ಮನೆ ಕಟ್ಟಿದ ಕಾಲ ಚಾರ್ಲ್‌ಸ್ಟನ್ ಇತಿಹಾಸದಲ್ಲಿ ಮರೆಯಲಾಗದ ಕಾಲ. 1886ರ ಆಗಸ್ಟ್ 31ರ ರಾತ್ರಿ ಹತ್ತು ಗಂಟೆಗೆ ಸ್ವಲ್ಪ ಮೊದಲು ಊರು ನಡುಗಿತು. ತೀವ್ರತೆ ಸುಮಾರು 7 ಇತ್ತು ಅಂತ ಈಗಿನ ವಿಜ್ಞಾನಿಗಳ ಅಂದಾಜು. ಸುಮಾರು 60 ಜನ ಸತ್ತರು. ಇಟ್ಟಿಗೆ ಕಟ್ಟಡಗಳಲ್ಲಿ ಪೆಟ್ಟು ಬೀಳದೆ ಉಳಿದದ್ದು ಬಹಳ ಕಡಿಮೆ.

ಇವತ್ತಿಗೂ ಚಾರ್ಲ್‌ಸ್ಟನ್‌ನ ಹಳೇ ಮನೆಗಳ ಗೋಡೆಯ ಹೊರಗೆ ತಟ್ಟೆಯಂಥ, ನಕ್ಷತ್ರದಂಥ ಕಬ್ಬಿಣದ ಬಿಲ್ಲೆಗಳು ಕಾಣುತ್ತವೆ. ಅಲಂಕಾರ ಅಂದುಕೊಳ್ಳಬೇಡಿ. ಮನೆಯ ಈ ಗೋಡೆಯಿಂದ ಆ ಗೋಡೆಗೆ ಉದ್ದನೆಯ ಕಬ್ಬಿಣದ ಸರಳು ಹಾಯಿಸಿ, ಎರಡೂ ತುದಿಗೆ ಬಿಲ್ಲೆ ಹಾಕಿ, ನಟ್ ತಿರುಗಿಸಿ ಬಿಗಿದಿದ್ದಾರೆ. ಬಾಗಿದ ಗೋಡೆ ಹೊರಗೆ ಬೀಳದಿರಲಿ ಅಂತ. ದೊಡ್ಡ ಭೂಕಂಪ ಇನ್ನೊಂದು ಬಂದರೆ ಈ ಸರಳುಗಳು ಎಷ್ಟರ ಮಟ್ಟಿಗೆ ಕೈ ಹಿಡಿಯುತ್ತವೆ ಅನ್ನೋ ಬಗ್ಗೆ ಇಂದಿನ ಎಂಜಿನಿಯರ್‌ಗಳಿಗೆ ಅನುಮಾನ ಇದೆ. ವೆಂಟ್‌ವರ್ತ್ ಮ್ಯಾನ್ಷನ್‌ನ ರೆಸ್ಟೋರೆಂಟ್‌ಗೆ 'ಸರ್ಕಾ 1886' ಅಂತ ಹೆಸರು. ಅಂದ್ರೆ 'ಸುಮಾರು 1886' ಅಂತ. ಊರಿನವರಿಗೆ ಆ ಇಸವಿ ಕೇಳಿದ ಕೂಡಲೇ ಭೂಕಂಪ ನೆನಪಾಗುತ್ತೆ.

ಮನೆ, ಮಂದಿರ, ಆಫೀಸು, ಹೋಟೆಲ್

ಇಷ್ಟು ದೊಡ್ಡ ಮನೆಗಳ ಕಥೆ ಎಲ್ಲ ಕಡೆ ಒಂದೇ ಥರ. ಕಟ್ಟಿಸಿದವರು ಇರುವವರೆಗೆ ವೈಭವ. ಮುಂದಿನ ತಲೆಮಾರಿಗೆ ಚಾವಣಿ ಸೋರೋದು ನಿಲ್ಲಿಸೋದೇ ದೊಡ್ಡ ಖರ್ಚು. ಅಣ್ಣತಮ್ಮಂದಿರು ಹಂಚಿಕೊಳ್ಳೋಕೂ ಆಗಲ್ಲ, ಒಬ್ಬರೇ ಇಟ್ಟುಕೊಳ್ಳೋಕೂ ಆಗಲ್ಲ.

ರಾಜರ್ಸ್ ಬಂಗಲೆಯೂ 1920ರ ಸುಮಾರಿಗೆ ಕುಟುಂಬದ ಕೈಬಿಟ್ಟು ಸ್ಕಾಟಿಷ್ ರೈಟ್ ಎಂಬ ಮೇಸನ್ ಸಂಘಟನೆಗೆ ಹೋಯಿತು. 1940ರ ದಶಕದಿಂದ ಒಂದು ಜೀವವಿಮಾ ಕಂಪನಿಯ ಕಚೇರಿ. ದಶಕಗಳ ಕಾಲ ಅಲ್ಲಿ ಫೈಲು, ಟೈಪ್‌ರೈಟರ್, ಗುಮಾಸ್ತರು. 1990ರ ದಶಕದಲ್ಲಿ ಕಂಪನಿ ಜಾಗ ಬಿಟ್ಟ ಮೇಲೆ ಹೋಟೆಲ್ ಉದ್ಯಮಿಗಳು ಕೊಂಡರು. ದುರಸ್ತಿ ಮುಗಿದು 1998ರಲ್ಲಿ ಹೋಟೆಲ್ ಬಾಗಿಲು ತೆರೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಏನಂದ್ರೆ, ಮನೆ ಖಾಲಿ ಬಿದ್ದ ಕಾಲ ಕಡಿಮೆ. ಹಳೇ ಮನೆಗೆ ಮಳೆಗಿಂತ, ಬಿಸಿಲಿಗಿಂತ ದೊಡ್ಡ ಶತ್ರು ಬೀಗ. ಬೀಗ ಹಾಕಿದ ಮನೆಯಲ್ಲಿ ಒಂದು ಹೆಂಚು ಸರಿದರೆ ನೋಡುವವರಿಲ್ಲ. ಒಂದು ಮಳೆಗಾಲಕ್ಕೆ ತೊಲೆ ಕೊಳೆಯುತ್ತೆ, ಮರುವರ್ಷ ಗೆದ್ದಲು. ಮೇಸನ್ನರೋ ವಿಮೆಯವರೋ, ಯಾರೋ ಒಬ್ಬರು ದಿನಾ ಬಾಗಿಲು ತೆಗೆದಿದ್ದಕ್ಕೇ ಆ ಕೆತ್ತನೆ, ಆ ನೆಲ ಇವತ್ತಿಗೂ ಉಳಿದಿದೆ.

ಡೇ ಸ್ಪಾ ಅಂದ್ರೇನು?

ಬೆಲ್ಜಿಯಂ ದೇಶದಲ್ಲಿ 'ಸ್ಪಾ' ಅನ್ನೋ ಊರೇ ಇದೆ. ಅಲ್ಲಿನ ಖನಿಜ ನೀರಿನ ಬುಗ್ಗೆಗಳಿಗೆ ಜನ ರೋಗ ವಾಸಿಗೆ ಅಂತ ಬರುತ್ತಿದ್ದರು. ಆ ಊರಿನ ಹೆಸರೇ ಮುಂದೆ ಇಂಥ ಜಾಗಗಳಿಗೆಲ್ಲ ಅಂಟಿಕೊಂಡಿತು. ವಾರಗಟ್ಟಲೆ ಉಳಿದು ಆರೈಕೆ ಮಾಡಿಸಿಕೊಳ್ಳೋದು ಒಂದು ಬಗೆ. ಡೇ ಸ್ಪಾ ಅಂದ್ರೆ ತಂಗೋದೇನಿಲ್ಲ. ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ, ಮಸಾಜ್, ಫೇಶಿಯಲ್, ಹಬೆ ಸ್ನಾನ ಇಂಥದ್ದು ಮುಗಿಸಿ ಅದೇ ದಿನ ಮನೆಗೆ ವಾಪಸ್.

ಹಳೇ ಬಂಗಲೆಗಳಿಗೆ ಈ ವ್ಯವಹಾರ ಹೊಂದೋದಕ್ಕೆ ಕಾರಣ ಇದೆ. ಹೋಟೆಲ್‌ಗೆ ಪ್ರತಿ ಕೋಣೆಗೂ ಬಚ್ಚಲು ಬೇಕು. ಆಫೀಸಿಗೆ ದೊಡ್ಡ ಹಾಲ್ ಬೇಕು, ಗೋಡೆ ಒಡೆಯಬೇಕು. ಸ್ಪಾಗೆ ಬೇಕಾಗಿರೋದು ಸಣ್ಣ ಸಣ್ಣ, ಸದ್ದಿಲ್ಲದ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗಳು. ಹಳೇ ಮನೆಯಲ್ಲಿ ಅವು ಮೊದಲೇ ಇರುತ್ತವೆ. ದಪ್ಪ ಗೋಡೆ, ಹಾಗಾಗಿ ಬೀದಿಯ ಗದ್ದಲ ಒಳಗೆ ಬರಲ್ಲ. ಗಿರಾಕಿಗೂ ಹಳೇ ಮನೆಯ ಶಾಂತಿ ಅಂದ್ರೆ ಇಷ್ಟ. ಗೋಡೆ ಒಡೆಯದೆ ಕಟ್ಟಡವೇ ದುಡಿದು ತನ್ನ ಹೊಟ್ಟೆ ತಾನು ಹೊರೆದುಕೊಳ್ಳುತ್ತೆ.

ಹಾಗಾದ್ರೆ ತೊಂದರೆ ಎಲ್ಲಿ? ನೀರಿನಲ್ಲಿ

ಸ್ಪಾ ಅಂದ್ರೆ ನೀರು, ಹಬೆ, ಎಣ್ಣೆ, ದಿನಾ ಒಗೆಯುವ ಟವೆಲ್ ರಾಶಿ. ಹಳೇ ಕಟ್ಟಡಕ್ಕೆ ಇವು ನಾಲ್ಕೂ ಆಗಿಬರಲ್ಲ.

ಮೊದಲನೆಯದು ಭಾರ. ಒಂದು ಲೀಟರ್ ನೀರು ಒಂದು ಕೆಜಿ. ಸಾವಿರ ಲೀಟರ್ ಹಿಡಿಯುವ ತೊಟ್ಟಿ ಇಟ್ಟರೆ ನೀರಿನದ್ದೇ ಒಂದು ಟನ್, ಮೇಲೆ ತೊಟ್ಟಿಯ ತೂಕ, ಜನರ ತೂಕ. ನಾಲ್ಕು ಜನ ಓಡಾಡಲಿ ಅಂತ ಹಾಕಿದ ಮರದ ತೊಲೆ ಇದನ್ನು ತಡೆಯಬೇಕಲ್ಲ?

ಎರಡನೆಯದು ಹಬೆ. ಹಬೆ ಕಣ್ಣಿಗೆ ಕಾಣದೆ ಗೋಡೆಯೊಳಗೆ ನುಗ್ಗಿ, ತಂಪು ಜಾಗ ಸಿಕ್ಕ ಕೂಡಲೇ ನೀರಾಗುತ್ತೆ. ಬಣ್ಣ ಉದುರುತ್ತೆ, ಗಿಲಾವು ಉಬ್ಬುತ್ತೆ, ಮರ ಕೊಳೆಯುತ್ತೆ. ಚಾರ್ಲ್‌ಸ್ಟನ್ ಮೊದಲೇ ಸೆಕೆಯ, ಆರ್ದ್ರತೆಯ ಊರು. ಮಂಗಳೂರು ಕಡೆ ಬೇಸಿಗೆ ಇದ್ದ ಹಾಗೆ. ಸಾಲದ್ದಕ್ಕೆ ಅಲ್ಲಿ ಫಾರ್ಮೋಸನ್ ಗೆದ್ದಲಿನ ಕಾಟ ಬೇರೆ. ಒದ್ದೆ ಮರ ಎಲ್ಲಿ ಸಿಗುತ್ತೋ ಅಲ್ಲಿ ಅದು ಹಾಜರ್.

ಮೂರನೆಯದು ಸಿಮೆಂಟ್. ದುರಸ್ತಿಗೆ ಬಂದವರು ಮಾಡುವ ಮಾಮೂಲಿ ತಪ್ಪು ಇದು. ಆ ಕಾಲದ ಇಟ್ಟಿಗೆ ಮೆದು, ನಡುವೆ ಇರೋದು ಸುಣ್ಣದ ಗಾರೆ. ಸುಣ್ಣ ಉಸಿರಾಡುತ್ತೆ, ಅಂದ್ರೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತೆ. ಅದನ್ನು ಕೆರೆದು ಗಟ್ಟಿ ಸಿಮೆಂಟ್ ತುಂಬಿದರೆ ತೇವ ಹೊರಗೆ ಬರೋ ದಾರಿ ಇಟ್ಟಿಗೆಯೇ ಆಗುತ್ತೆ. ನಾಲ್ಕಾರು ವರ್ಷಕ್ಕೆ ಗಾರೆ ಗಟ್ಟಿಯಾಗಿಯೇ ಉಳಿದು ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತೆ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವೀಸ್ ಹಳೇ ಕಟ್ಟಡ ದುರಸ್ತಿಗೆ ಅಂತ ಪ್ರಕಟಿಸಿರುವ ಕೈಪಿಡಿಗಳ ಸರಣಿಯಲ್ಲಿ ಎರಡನೆಯದೇ ಈ ವಿಷಯದ್ದು. ಹೊಸ ಗಾರೆ ಹಳೇ ಇಟ್ಟಿಗೆಗಿಂತ ಮೆದುವಾಗಿರಬೇಕು ಅನ್ನೋದು ಅದರ ತಿರುಳು. ನಮ್ಮ ಕಡೆ ಹಳೇ ಗಚ್ಚಿನ ಗೋಡೆಗೆ ಸಿಮೆಂಟ್ ಬಳಿದು ಕೈಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕುದುರೆ ಲಾಯದ ಜಾಣತನ ಅರ್ಥವಾಗುತ್ತೆ. ಲಾಯ ಪ್ರತ್ಯೇಕ ಕಟ್ಟಡ. ಅದರಲ್ಲಿ ಕೆತ್ತನೆಯ ಮರಗೆಲಸ ಇಲ್ಲ, ಬಣ್ಣದ ಗಾಜಿಲ್ಲ. ಮೊದಲಿಂದಲೂ ಅದು ಕೆಲಸದ ಜಾಗ. ಅಲ್ಲಿ ನೀರಿನ ಪೈಪ್ ಸೋರಿದರೂ ದೊಡ್ಡ ಮನೆಯ ನೆಲಕ್ಕೆ ಪೆಟ್ಟಿಲ್ಲ. ಎಣ್ಣೆಯ ವಾಸನೆ, ಟವೆಲ್ ಒಗೆಯುವ ಯಂತ್ರದ ಸದ್ದು ಯಾವುದೂ ಆ ಮನೆಗೆ ತಟ್ಟಲ್ಲ. ಒದ್ದೆ ಕೆಲಸ ಹೊರಮನೆಗೆ, ಒಣ ಕೆಲಸ ಒಳಮನೆಗೆ. ನಮ್ಮ ಅಜ್ಜಂದಿರು ಬಚ್ಚಲನ್ನು ಹಿತ್ತಲಿಗೆ ಹಾಕಿದ್ದೂ ಇದೇ ಲೆಕ್ಕದ ಮೇಲೆ.

ಕಾನೂನು ಏನು ಹೇಳುತ್ತೆ?

ಹಳೇ ಮನೆ ಉಳಿಸೋ ವಿಷಯದಲ್ಲಿ ಚಾರ್ಲ್‌ಸ್ಟನ್ ಅಮೆರಿಕಕ್ಕೇ ಹಿರಿಯಣ್ಣ. 1920ರಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಅನ್ನೋ ಮಹಿಳೆ ಮುಂದೆ ನಿಂತು ಹಳೇ ಮನೆಗಳ ರಕ್ಷಣೆಗೆ ಸಂಘ ಕಟ್ಟಿದರು. 1803ರ ಜೋಸೆಫ್ ಮ್ಯಾನಿಗಾಲ್ಟ್ ಮನೆಯನ್ನು ಕೆಡವುವ ಸುದ್ದಿ ಕೇಳಿ ಶುರುವಾದ ಹೋರಾಟ ಅದು. ಆ ಮನೆ ಉಳಿಯಿತು, ಆದರೆ ಅದರ ತೋಟದ ಜಾಗದಲ್ಲಿ ಕೆಲವು ವರ್ಷ ಪೆಟ್ರೋಲ್ ಬಂಕ್ ನಡೆಯಿತು! 1933ರಲ್ಲಿ ಚಾರ್ಲ್‌ಸ್ಟನ್ ಮ್ಯೂಸಿಯಂ ಕೈಗೆ ಬಂದ ಮೇಲೆ ಮನೆಗೆ ಭದ್ರತೆ ಸಿಕ್ಕಿತು.

1931ರಲ್ಲಿ ಚಾರ್ಲ್‌ಸ್ಟನ್ ನಗರಾಡಳಿತ ಹಳೇ ಬಡಾವಣೆಯನ್ನೇ ಐತಿಹಾಸಿಕ ವಲಯ ಅಂತ ಘೋಷಿಸಿ ಕಾನೂನು ತಂದಿತು. ಅಮೆರಿಕದಲ್ಲಿ ಇಂಥದ್ದು ಇದೇ ಮೊದಲು. ಇಂಥ ವಲಯದಲ್ಲಿ ಮನೆಯ ಹೊರಮುಖ ಬದಲಿಸಬೇಕು ಅಂದ್ರೆ ನಗರದ ವಾಸ್ತುಶಿಲ್ಪ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಕಿಟಕಿ ಬದಲಿಸೋಕೂ ಕೇಳಬೇಕು. ಆದರೆ ಮಂಡಳಿ ನೋಡೋದು ಬೀದಿಗೆ ಕಾಣುವ ಭಾಗ ಮಾತ್ರ. ಒಳಗಿನ ಮೆಟ್ಟಿಲು, ಅಗ್ಗಿಷ್ಟಿಕೆ ಕಿತ್ತರೆ ಅದು ತಡೆಯಲ್ಲ. ಒಳಭಾಗದ ರಕ್ಷಣೆಗೆ ಮಾಲೀಕರೇ ಸ್ವಇಚ್ಛೆಯಿಂದ ಸಂರಕ್ಷಣಾ ಸಂಸ್ಥೆಗಳಿಗೆ ಕರಾರು ಬರೆದುಕೊಡುವ ಪದ್ಧತಿ ಇದೆ. ಆ ಕರಾರು ಆಸ್ತಿಯ ಜೊತೆ ಹೋಗುತ್ತೆ. ಮನೆ ಮಾರಿದರೂ ಕೊಂಡವರು ಪಾಲಿಸಲೇಬೇಕು.

ಇನ್ನು ದುಡ್ಡಿನ ವಿಷಯ. ಅಮೆರಿಕದ ಕೇಂದ್ರ ಸರ್ಕಾರ ಐತಿಹಾಸಿಕ ಕಟ್ಟಡ ದುರಸ್ತಿಗೆ ಮಾಡಿದ ಅರ್ಹ ಖರ್ಚಿನ ಶೇ. 20ರಷ್ಟನ್ನು ಆದಾಯ ತೆರಿಗೆಯಲ್ಲಿ ಬಿಡುತ್ತೆ. ಷರತ್ತುಗಳು ಹೀಗಿವೆ:

- ಕಟ್ಟಡಕ್ಕೆ ಐತಿಹಾಸಿಕ ಎಂಬ ಅಧಿಕೃತ ಮಾನ್ಯತೆ ಇರಬೇಕು.
- ಅದು ಆದಾಯ ತರುವ ಕಟ್ಟಡ ಆಗಿರಬೇಕು. ಹೋಟೆಲ್, ಅಂಗಡಿ, ಸ್ಪಾ, ಬಾಡಿಗೆ ಮನೆ ಆದೀತು. ಮಾಲೀಕರು ತಾವೇ ವಾಸ ಇರುವ ಮನೆಗೆ ಇದಿಲ್ಲ.
- ತೇಪೆ ಕೆಲಸ ಲೆಕ್ಕಕ್ಕಿಲ್ಲ. ಕಟ್ಟಡದ ಲೆಕ್ಕಪತ್ರದ ಮೌಲ್ಯಕ್ಕಿಂತ ಹೆಚ್ಚು ದುರಸ್ತಿಗೆ ಖರ್ಚಾಗಬೇಕು.
- ಕೆಲಸ ಸರ್ಕಾರದ 10 ಸಂರಕ್ಷಣಾ ಮಾನದಂಡಗಳಿಗೆ ತಕ್ಕಂತೆ ಇರಬೇಕು.
- ಕೆಲಸ ಮುಗಿದು ಐದು ವರ್ಷದೊಳಗೆ ಮಾರಿದರೆ ಪಡೆದ ರಿಯಾಯಿತಿಯಲ್ಲಿ ಪಾಲು ವಾಪಸ್ ಕಟ್ಟಬೇಕು.

ಹತ್ತು ಮಾನದಂಡಗಳಲ್ಲಿ ಮೊದಲನೆಯದು ಮತ್ತು ಕೊನೆಯದು ನೆನಪಿಟ್ಟುಕೊಳ್ಳಬೇಕಾದವು. ಕಟ್ಟಡಕ್ಕೆ ಹಳೇ ಉಪಯೋಗವೇ ಇರಲಿ, ಇಲ್ಲವೇ ತೀರಾ ಕಡಿಮೆ ಬದಲಾವಣೆ ಕೇಳುವ ಹೊಸ ಉಪಯೋಗ ಹುಡುಕಿ ಅನ್ನುತ್ತೆ ಮೊದಲನೆಯದು. ಹೊಸದಾಗಿ ಸೇರಿಸಿದ್ದನ್ನು ಮುಂದೊಂದು ದಿನ ತೆಗೆದರೂ ಹಳೇ ಕಟ್ಟಡದ ಮೂಲ ರೂಪ ಕೆಡದಂತೆ ಇರಲಿ ಅನ್ನುತ್ತೆ ಕೊನೆಯದು. ಇವತ್ತಿನ ಸ್ಪಾ ನಾಳೆ ಮುಚ್ಚಬಹುದು. ಲಾಯ ಮಾತ್ರ ಲಾಯವಾಗಿಯೇ ಸಿಗಬೇಕು.

ಇನ್ನೊಂದು ಲಾಯ

ಇಲ್ಲಿಗೆ ಕಥೆ ಮುಗಿಸಿದರೆ ಅರ್ಧ ಹೇಳಿದ ಹಾಗೆ. ವೆಂಟ್‌ವರ್ತ್ ಮ್ಯಾನ್ಷನ್‌ನಿಂದ ನಡೆದುಕೊಂಡೇ ಹೋಗಬಹುದಾದ ದೂರದಲ್ಲಿ, 48, ಎಲಿಜಬೆತ್ ಸ್ಟ್ರೀಟ್‌ನಲ್ಲಿ, ಏಕೆನ್-ರೆಟ್ ಹೌಸ್ ಇದೆ. 1820ರ ಸುಮಾರಿಗೆ ಕಟ್ಟಿದ್ದು. ಮುಂದೆ ರಾಜ್ಯದ ಗವರ್ನರ್ ಆಗಿದ್ದ, ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದ ಭತ್ತದ ಜಮೀನ್ದಾರ ವಿಲಿಯಂ ಏಕೆನ್ ಅದರ ಒಡೆಯನಾದ. ಆ ಮನೆಯ ಹಿತ್ತಲಲ್ಲೂ ಕುದುರೆ ಲಾಯ ಇದೆ, ಅಡುಗೆ ಮನೆ ಇದೆ. ಅವುಗಳ ಮೇಲಿನ ಅಂತಸ್ತಿನಲ್ಲಿ ಗುಲಾಮರು ಮಲಗುತ್ತಿದ್ದ ಕೋಣೆಗಳಿವೆ.

ಆ ಮನೆಯನ್ನು ಸಂರಕ್ಷಣಾ ಸಂಸ್ಥೆಯೊಂದು ಮ್ಯೂಸಿಯಂ ಆಗಿ ಇಟ್ಟಿದೆ. ಹೊಸ ಬಣ್ಣ ಇಲ್ಲ, ಹೊಳಪಿಲ್ಲ. ಸಿಕ್ಕಿದ್ದು ಸಿಕ್ಕ ಹಾಗೇ ಉಳಿಸೋದು ಅಲ್ಲಿನ ನೀತಿ. ಸುಲಿದ ಗೋಡೆ ಕಾಗದ, ಉದುರಿದ ಗಿಲಾವು ಎಲ್ಲ ಹಾಗೇ. ಒಂದೇ ಊರಿನ ಎರಡು ಲಾಯಗಳಲ್ಲಿ ಒಂದು ದುಡಿದು ಬದುಕಿದೆ, ಇನ್ನೊಂದು ಏನೂ ಮಾಡದೆ ನಿಂತು ಸಾಕ್ಷಿ ಹೇಳುತ್ತಿದೆ.

ವೆಂಟ್‌ವರ್ತ್ ಮ್ಯಾನ್ಷನ್ ಕಟ್ಟಿದ್ದು ಗುಲಾಮಗಿರಿ ರದ್ದಾಗಿ ಎರಡು ದಶಕದ ಮೇಲೆ. ಹಾಗಾಗಿ ಅದನ್ನು ಗುಲಾಮರ ಕಾಲದ ಮನೆ ಅನ್ನೋಕೆ ಬರಲ್ಲ. ಆದರೆ ಆ ಹೊತ್ತಿಗೂ ದಕ್ಷಿಣದಲ್ಲಿ ಹತ್ತಿ ಬೆಳೆಯುತ್ತಿದ್ದವರಲ್ಲಿ ಅಸಂಖ್ಯ ಮಂದಿ ಬಿಡುಗಡೆಯಾದ ಕರಿಯರು. ಹೊಲ ಇಲ್ಲದೆ, ಬೇರೆಯವರ ಹೊಲ ಪಾಲಿಗೆ ಮಾಡಿ, ಬೀಜಕ್ಕೂ ಊಟಕ್ಕೂ ಸಾಲ ತಂದು, ಸುಗ್ಗಿಯಲ್ಲಿ ಆ ಸಾಲಕ್ಕೇ ಬೆಳೆ ಕೊಟ್ಟು ಕೈ ಖಾಲಿ ಮಾಡಿಕೊಳ್ಳುತ್ತಿದ್ದರು. ಹತ್ತಿ ಬೆಳೆಯುವವರ ಮನೆ ಯಾವುದು, ಹತ್ತಿ ಮಾರುವವರ ಮನೆ ಯಾವುದು ಅಂತ ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ಮಾತು ಅಮೆರಿಕದಲ್ಲಿ ಈಗ ಬಿಸಿ ಚರ್ಚೆಯ ವಿಷಯ. ಗುಲಾಮರ ಕಾಲದ ತೋಟದ ಬಂಗಲೆಗಳನ್ನು ಮದುವೆ ಹಾಲ್, ರೆಸಾರ್ಟ್ ಮಾಡಿ ಬರೀ ವೈಭವ ಮಾರೋದು ಸರಿಯಾ ಅಂತ ಅನೇಕರು ಕೇಳುತ್ತಿದ್ದಾರೆ. 2019ರ ಕೊನೆಯಲ್ಲಿ ಪಿಂಟರೆಸ್ಟ್‌ನಂಥ ತಾಣಗಳು ಇಂಥ ತೋಟಗಳಲ್ಲಿ ನಡೆಯುವ ಮದುವೆಗಳಿಗೆ ಪ್ರಚಾರ ಕೊಡೋದನ್ನು ಕಡಿಮೆ ಮಾಡುವುದಾಗಿ ಹೇಳಿದವು.

ಲೂಸಿಯಾನಾ ರಾಜ್ಯದ ನಾಟವೇ ಇದಕ್ಕೆ ದೊಡ್ಡ ಉದಾಹರಣೆ. ಜಾನ್ ಹ್ಯಾಂಪ್ಡನ್ ರಾಂಡಾಲ್ಫ್ ಎಂಬ ಕಬ್ಬಿನ ಜಮೀನ್ದಾರ ಕಟ್ಟಿಸಿದ ಬಂಗಲೆ ಅದು. 1859ರಲ್ಲಿ ಮುಗಿದಿದ್ದು, 53 ಸಾವಿರ ಚದರ ಅಡಿ. 1860ರಲ್ಲಿ ಅವನ ಬಳಿ 155 ಗುಲಾಮರಿದ್ದರು. ಮುಂದೆ ಅದೇ ಬಂಗಲೆ ರೆಸಾರ್ಟ್ ಆಗಿ, ಮದುವೆಗಳಿಗೆ ಹೆಸರಾಯಿತು. 2025ರ ಮೇ 15ರಂದು ಬೆಂಕಿ ಬಿದ್ದು ಸುಟ್ಟು ಹೋಯಿತು. ಕೆಲವರು ಅತ್ತರು, ಪಾರಂಪರಿಕ ಕಟ್ಟಡ ಹೋಯಿತಲ್ಲ ಅಂತ. ಇನ್ನು ಕೆಲವರು, ಅದರಲ್ಲೂ ಗುಲಾಮರ ವಂಶಸ್ಥರಲ್ಲಿ ಅನೇಕರು, ಹೋಗಿದ್ದೇ ಒಳ್ಳೇದಾಯಿತು ಅಂದರು. ಒಂದು ಮನೆ ಸುಟ್ಟಾಗ ಒಂದೇ ದೇಶದ ಜನ ಹೀಗೆ ಎರಡು ಮಾತಾಡಿದರು ಅಂದ್ರೆ, ಆ ಮನೆ ಅಷ್ಟು ವರ್ಷ ಎರಡು ಕಥೆಗಳಲ್ಲಿ ಒಂದನ್ನು ಮಾತ್ರ ಹೇಳಿಕೊಂಡು ಬಂದಿತ್ತು ಅಂತಲೇ ಅರ್ಥ.

ಚಾರ್ಲ್‌ಸ್ಟನ್ ಈ ವಿಷಯದಲ್ಲಿ ಕೆಲವು ಹೆಜ್ಜೆ ಇಟ್ಟಿದೆ. ಉತ್ತರ ಅಮೆರಿಕಕ್ಕೆ ತಂದ ಆಫ್ರಿಕನ್ ಗುಲಾಮರಲ್ಲಿ ಸುಮಾರು ಶೇ. 40ರಷ್ಟು ಜನ ಈ ಒಂದೇ ಬಂದರಿನಲ್ಲಿ ಇಳಿದರು ಅಂತ ಅಂದಾಜಿದೆ. 2018ರ ಜೂನ್ 19ರಂದು ನಗರ ಸಭೆ ಗುಲಾಮಗಿರಿಯಲ್ಲಿ ತನ್ನ ಪಾತ್ರಕ್ಕೆ ಕ್ಷಮೆ ಕೇಳುವ ನಿರ್ಣಯ ಮಾಡಿತು. ಗುಲಾಮರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡನ್ ವಾರ್ಫ್ ಜಾಗದಲ್ಲೇ 2023ರ ಜೂನ್‌ನಲ್ಲಿ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆಯಿತು.

ಹೋಗುವವರಿಗೆ ಒಂದಿಷ್ಟು ಮಾಹಿತಿ

- ಶಾರ್ಲೆಟ್‌ನಿಂದ ಚಾರ್ಲ್‌ಸ್ಟನ್‌ಗೆ ಸುಮಾರು 330 ಕಿ.ಮೀ., ಅಟ್ಲಾಂಟಾದಿಂದ ಸುಮಾರು 490 ಕಿ.ಮೀ. ಎರಡೂ ಕಡೆಯಿಂದ ಕಾರಿನಲ್ಲಿ ಹೋಗಬಹುದು.
- ಜುಲೈ, ಆಗಸ್ಟ್‌ನಲ್ಲಿ ಸೆಕೆ ವಿಪರೀತ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೋ ಚಂಡಮಾರುತ ಬಡಿದದ್ದು ಇದೇ ತೀರಕ್ಕೆ. ಮಾರ್ಚ್-ಏಪ್ರಿಲ್ ಹಿತವಾಗಿರುತ್ತೆ.
- ಹಳೇ ಊರು ಪೂರ್ತಿ ನಡೆದು ನೋಡುವಂಥದ್ದು. ವಯಸ್ಸಾದವರು ಒಳ್ಳೇ ಚಪ್ಪಲಿ ಹಾಕಿಕೊಳ್ಳಿ. ಕೆಲವು ಓಣಿಗಳಲ್ಲಿ ಇನ್ನೂ ಹಳೇ ಗುಂಡುಕಲ್ಲಿನ ಹಾಸು ಇದೆ.
- ವೆಂಟ್‌ವರ್ತ್ ಮ್ಯಾನ್ಷನ್ ಖಾಸಗಿ ಹೋಟೆಲ್, ಮ್ಯೂಸಿಯಂ ಅಲ್ಲ. ಹೊರಗಿನಿಂದ ಮ್ಯಾನ್ಸಾರ್ಡ್ ಚಾವಣಿ, ನೆತ್ತಿಯ ಗೋಪುರ ನೋಡೋಕೆ ಯಾರ ಅಡ್ಡಿಯೂ ಇಲ್ಲ.
- ಸ್ಪಾಗೆ ಹೋಗುವವರು ಬಿಪಿ, ಹೃದಯದ ತೊಂದರೆ, ಶುಗರ್ ಇದ್ದರೆ ಹಬೆ ಸ್ನಾನಕ್ಕೆ, ಜೋರು ಮಸಾಜ್‌ಗೆ ಮೊದಲು ಡಾಕ್ಟರನ್ನು ಕೇಳಿ. ಅಮೆರಿಕದಲ್ಲಿ ಬಿಲ್ ಮೇಲೆ ಶೇ. 15ರಿಂದ 20ರಷ್ಟು ಟಿಪ್ಸ್ ಕೊಡೋದು ರೂಢಿ, ಮೊದಲೇ ಲೆಕ್ಕ ಹಾಕಿಕೊಳ್ಳಿ.
- ಅದೇ ದಿನ ಏಕೆನ್-ರೆಟ್ ಹೌಸ್‌ಗೂ ಹೋಗಿ. ಸಮಯ ಇದ್ದರೆ ಹತ್ತಿರದ ಜೇಮ್ಸ್ ಐಲ್ಯಾಂಡ್‌ನಲ್ಲಿರುವ ಮೆಕ್ಲಿಯಡ್ ತೋಟಕ್ಕೂ. ಅಲ್ಲಿ ಹತ್ತಿ ಬೆಳೆದ ಗುಲಾಮರ ಗುಡಿಸಲುಗಳು ಇನ್ನೂ ನಿಂತಿವೆ. ಅವರ ಕಥೆಯನ್ನೇ ಮುಂದಿಟ್ಟುಕೊಂಡು ತೋರಿಸುತ್ತಾರೆ.

ಕೊನೆಗೆ

ಹಳೇ ಮನೆ ಉಳಿಯೋಕೆ ಎರಡು ಬೇಕು. ಒಂದು, ದಿನಾ ಬಾಗಿಲು ತೆಗೆಯುವ ಕೈ. ಇನ್ನೊಂದು, ಆ ಮನೆ ಯಾರ ದುಡಿಮೆಯ ಮೇಲೆ ಎದ್ದಿತು ಅಂತ ಹೇಳುವ ಬಾಯಿ. ಕೈ ಇಲ್ಲದಿದ್ದರೆ ಗೋಡೆ ಬೀಳುತ್ತೆ. ಬಾಯಿ ಇಲ್ಲದಿದ್ದರೆ ಗೋಡೆ ನಿಂತಿರುತ್ತೆ, ಉಳಿದದ್ದು ಬೀಳುತ್ತೆ. ಚಾರ್ಲ್‌ಸ್ಟನ್‌ನ ಎರಡು ಲಾಯಗಳನ್ನು ಒಂದೇ ದಿನ ನೋಡಿ ಬಂದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ.